ಅವ್ವನ ಒಡಪಿನಲ್ಲಿದ್ದ ಹೆಸರು

ಅಪ್ಪಾ,

ನೀನು ತೀರಿಹೋದ ಮೇಲೆ ಅವ್ವನಿಗೆ ಮರೆವು ಹೆಚ್ಚಾಗಿ, ಈಗ ನನ್ನ ಗುರುತೂ ಸಿಗುತ್ತಿಲ್ಲ. ಹಾಡಿನಿಂದ ಮಾತು ಬರಿಸುತ್ತೇನೆಂದು ರೇವತಿ ಎಂಬ ಹುಡುಗಿ ಇವತ್ತು ಶಾಮನೂರಿನ ಮನೆಗೆ ಬಂದಿದ್ದಳು. ನನಗೆ ಅನುಮಾನವೇ ಇತ್ತು. ಆದರೆ ಅವಳು ಸೋಬಾನೆ ಪದ ಹಾಡುತ್ತಲೇ ಅವ್ವ ಸೆರಗು ಹೊದ್ದು ಎದ್ದು ಕೂತಳು.

"ಗಂಡನ ಹೆಸ್ರು ಸೇರ್ಸಿ ಒಡಪು ಹೇಳ್ರಿ ಅಜ್ಜಿ" ಎಂದಳು ರೇವತಿ.

ಅವ್ವ ನಾಚಿಕೊಂಡೇ ಹೇಳಿದಳು: "ಹರಿಹರದ ಹೊಳ್ಯಾಗ ಹರಿಗೋಲು ತೇಲೈತೆ, ಹುಟ್ಟು ಹಾಕೋರು ನಮ್ಮ ಪರಸಪ್ಪ."

ನಿನ್ನ ಹೆಸರು ಹಾಲೇಶಪ್ಪ.

"ಮರೆವು ಅಂದ್ರ ಹಂಗೇ ಬಿಡ್ರಿ" ಎಂದಳು ರೇವತಿ. ಅವ್ವ ಮಾತ್ರ ಒಂದಕ್ಷರವೂ ತಡವರಿಸಿರಲಿಲ್ಲ.

ಮದುವೆ ಮನೆಗಳಲ್ಲಿ ಅವ್ವನಿಗೆ ಒಡಪು ಹೇಳು ಎಂದರೆ ಸಾಕು, ನೀನು ಎದ್ದು ಹೊರಗೆ ಹೋಗುತ್ತಿದ್ದೆ. ನಾಚಿಕೆಯೆಂದು ನಾವೆಲ್ಲ ನಗುತ್ತಿದ್ದೆವು.

ಅಪ್ಪಾ, ಹೊರಗೆ ನಿಂತು ನೀನು ಯಾವ ಹೆಸರಿಗೆ ಹೆದರುತ್ತಿದ್ದೆ?