ಬಳೆಗೆ ಬಟ್ಟೆ ಕಟ್ಟಿ ಅತ್ತದ್ದು

ಕೋಥರೂಡ, ಪುಣೆ
೧೪ ನವೆಂಬರ್ ೧೯೭೯, ಬುಧವಾರ

ಪ್ರೀತಿಯ ಮಹಾಲಿಂಗಣ್ಣನಿಗೆ,

ನಿನ್ನ ತಂಗಿ ಚಂದಮ್ಮನ ನಮಸ್ಕಾರ. ಹೇಗಿದ್ದೀಯ? ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆಯೇ? ಮೊಣಕೈ ಮೇಲಿನ ಗಾಯ ಮಾಯಿತೇ? ನೀನು ದಾದರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದೀ ಎಂದು ಕಾಶಪ್ಪ ಮಾವ ದಸರೆಗೆ ಮುಂಚೆ ಹೇಳಿ ವಿಳಾಸ ಕೊಟ್ಟ. ಅದು ಸರಿಯೋ ತಪ್ಪೋ ಗೊತ್ತಿಲ್ಲ. ನನಗೆ ನಾಲ್ಕನೆಯ ಇಯತ್ತೆಯ ಅಕ್ಷರವಷ್ಟೇ ಬರುವುದು, ತಪ್ಪಿದ್ದರೆ ನಗಬೇಡ. ನಾವು ಇನ್ನೂ ಅದೇ ತಗಡಿನ ಗುಡಿಸಲಲ್ಲಿದ್ದೇವೆ. ನಾವು ಕೆಲಸಕ್ಕಿರುವ ಕಟ್ಟಡ ಮೂರನೆಯ ಮಾಳಿಗೆಗೆ ಬಂದಿದೆ. ಎಲ್ಲರೂ ಆರಾಮ ಎಂದು ಬರೆಯಬೇಕಿತ್ತು, ಆದರೆ ಅವ್ವ ಆರಾಮಾಗಿಲ್ಲ. ರೋಗವಲ್ಲ, ಹೆದರಿಕೆ. ಅದು ಹೇಗೆ ಬಂತೆಂದು ಹೇಳುತ್ತೇನೆ.

ಹೋದ ಭಾನುವಾರ ನಮ್ಮ ಸೈಟಿನ ಹೆಂಗಸರನ್ನು ಸಿನಿಮಾದವರು ಅಳಲು ಕರೆದರು. ಸುಳ್ಳಲ್ಲಣ್ಣಾ. ಒಂದು ಪಿಚ್ಚರಿನಲ್ಲಿ ಊರಗೌಡ ಸಾಯುತ್ತಾನಂತೆ. ಚಿತ್ರ ತೆಗೆದು ಮುಗಿದಿದೆ, ಅಳುವ ದನಿ ಮಾತ್ರ ಬೇಕು. ದನಿ ಹಿಡಿಯುವ ಮಾರ್ತಾಂಡ ಸಾಹೇಬರು ಸೊಲ್ಲಾಪುರದ ಕಡೆಯವರು, ನಮ್ಮ ಮಾತು ಬರುತ್ತದೆ. ಕಿಟಕಿ ಮುಚ್ಚಿದ ಒಂದು ಕೋಣೆ, ಗೋಡೆಗೆಲ್ಲ ಹಳೆಯ ಗಾದಿ, ಕೌದಿ ತೂಗುಹಾಕಿದ್ದರು. ಇಲ್ಲದಿದ್ದರೆ ದನಿ ಗೋಡೆಗೆ ಬಡಿದು ತಿರುಗಿ ಬರುತ್ತದಂತೆ. ಬಿದಿರುಕೋಲಿನ ತುದಿಗೆ ಮೈಕು ಕಟ್ಟಿ ನಮ್ಮ ತಲೆಯ ಮೇಲೆ ಹಿಡಿದರು. ಸಾಹೇಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎರಡು ಚಕ್ರ ತಿರುಗುವ ಟೇಪಿನ ಮುಂದೆ ಕೂತರು. ಪಕ್ಕದ ಗುಡಿಸಲ ಭೀಮವ್ವ ಸುಮ್ಮನೆ ಕೆಮ್ಮಿದ್ದಕ್ಕೇ ಯಂತ್ರದ ಮುಳ್ಳು ಆ ಕಡೆಯ ತುದಿಗೆ ಹಾರಿತು. ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿದರು. ನಾನು ನಾಚಿಕೊಂಡು ಅವಳ ಬೆನ್ನ ಹಿಂದೆ ನಿಂತೆ.

ಆಮೇಲೆ ಸಾಹೇಬರು, ಬಳೆ ಸದ್ದು ಮಾಡುತ್ತವೆ, ಎಲ್ಲರೂ ತೆಗೆದಿಡಿ ಎಂದುಬಿಟ್ಟರು. ಹೆಂಗಸರೆಲ್ಲ ಕೈ ಸೆರಗಿನೊಳಗೆ ಮುಚ್ಚಿಕೊಂಡರು. ಭೀಮವ್ವ ಸುಮ್ಮನಿರುವವಳೇ? “ಸಾಹೇಬ್ರ, ನಿಮ್ಮ ಗೌಡ ಸತ್ರ ನಾ ಯಾಕ ಬಳಿ ತೆಗೀಲ್ರಿ? ನನ್ನ ಗಂಡ ಇನ್ನಾ ಮನ್ಯಾಗ ರೊಟ್ಟಿಗಿ ಕಾಯ್ಕೋತ ಕುಂತಾನ್ರಿ!” ಸಾಹೇಬರು ನಾಲಿಗೆ ಕಚ್ಚಿಕೊಂಡು, “ತಪ್ಪಾತವ್ವಾ” ಎಂದರು. ಕಡೆಗೆ ಹರಿದ ಸೀರೆಯ ಚಿಂದಿ ತಂದು ಎಲ್ಲರ ಬಳೆಗೂ ಸುತ್ತಿ ಕಟ್ಟಿದೆವು. ಇನ್ನು ಅಳುವುದು ಯಾರಿಗೆ? ನಮ್ಮವರು ಹಾಡಾಡಿಕೊಂಡು ಅಳುವಾಗ ಹೆಸರು ಹೇಳಿ, ಗುಣ ಹೇಳಿ ಅಳುತ್ತಾರಲ್ಲ? ಗುರುತಿಲ್ಲದ ಗೌಡನಿಗೆ ಬಾಯಿ ಬರುವುದಿಲ್ಲ. ಬದುಕಿದ್ದವರ ಹೆಸರು ಯಾರೂ ಎತ್ತಬಾರದು, ತಮ್ಮ ತಮ್ಮ ಸತ್ತವರಿಗೆ ಅಳಬೇಕು ಎಂದು ಮಾತಾಯಿತು. ಭೀಮವ್ವ ತನ್ನ ಎಮ್ಮೆಗೆ, ಅವ್ವ ತನ್ನ ತಾಯಿಗೆ, ನಮ್ಮ ಆಯಿಗೆ.

ಅವ್ವ ಶುರುಮಾಡಿದಳು. ಆಯಿ ತಾನು ಉಪವಾಸ ಇದ್ದು ರೊಟ್ಟಿ ಕೊಟ್ಟದ್ದು, ಕಲ್ಲು ಹೊತ್ತದ್ದು, ಎಲ್ಲ ಹಾಡಿನಲ್ಲಿ ಬಂತು. “ನನ್ನ ಮಹಾಲಿಂಗನ ಕಂಕುಳಾಗ ಹೊತ್ತು ತಿರುಗಿದಾಕಿ” ಎಂದಳು ನೋಡು, ಅಲ್ಲಿಗೆ ಹಾಡಿನಿಂದ ಆಯಿ ಬಿಟ್ಟುಹೋದಳು. “ಮಹಾಲಿಂಗಾ, ಎಲ್ಲಿ ಹೋದ್ಯೋ ನನ್ನ ಕಂದಾ, ಮಾರಿ ತೋರಿಸಲಾರದ ಹೋದ್ಯೋ” ಎಂದು ಅವ್ವ ಎದೆ ಎದೆ ಬಡಿದುಕೊಂಡಳು. ಆಮೇಲೆ ಎಚ್ಚರಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. ನೀನು ಬದುಕಿರುವುದು ಸಾಹೇಬರಿಗೆ ತಿಳಿಯದೆ, ಭಾಳ ಛಲೋ ಬಂತೆಂದು ಕೈ ಎತ್ತಿದರು.

ಅವ್ವ ಹೋಗಿ ಟೇಪಿನ ಮುಂದೆ ಕುಕ್ಕರಿಸಿದಳು. “ಅದನ್ನ ತೆಗೀರಿ.” ಇಂಥ ಅಳು ಮತ್ತೆ ಸಿಗುವುದಿಲ್ಲ ಎಂದು ಸಾಹೇಬರು ಬೇಡಿಕೊಂಡರು. ಅವ್ವ ಕೇಳಿದಳು: “ನನ್ನ ಮಗ ಮುಂಬಯ್ಯಾಗ ಪಿಚ್ಚರಕ್ಕ ಕುಂತು ತನ್ನ ಸಾವಿನ ಅಳು ತಾನ ಕೇಳ್ಬೇಕೇನ್ರಿ?” ಸಾಹೇಬರು ಟೇಪು ಹಿಂದಕ್ಕೆ ಸುತ್ತಿದರು. ಒಂದರ ಮೇಲೆ ಇನ್ನೊಂದು ದನಿ ಹಿಡಿದರೆ ಮೊದಲಿನದು ಅಳಿಸಿಹೋಗುತ್ತದಂತೆ. ಅದಕ್ಕೆ ನಮ್ಮನ್ನೆಲ್ಲ ಮಿಸುಕದೆ ನಿಲ್ಲಿಸಿ, ಅದರ ಮೇಲೆ ಬರೀ ಮೌನವನ್ನು ಹಿಡಿದರು. ಅಷ್ಟು ಹೆಂಗಸರು ಒಂದು ಕಡೆ ಸುಮ್ಮನೆ ನಿಂತದ್ದು ನಾನು ಅದೇ ಮೊದಲು ನೋಡಿದ್ದು. ಬಳಿಕ ಹೆಡ್‌ಫೋನ್ ಅವ್ವನ ಕಿವಿಗಿಟ್ಟು ಕೇಳಿಸಿದರು. “ಈಗ ಇದರಾಗ ಏನೂ ಇಲ್ಲಲ್ರಿ?” ಎಂದಳು. “ನಿಮ್ಮ ಉಸಿರಾಟ ಅದ, ಅಷ್ಟ” ಎಂದರು ಸಾಹೇಬರು. ಎರಡನೆಯ ಸಲ ಎಲ್ಲರನ್ನೂ ಭೀಮವ್ವನೇ ಅಳಿಸಿದಳು. ನೀನು ಆ ಪಿಚ್ಚರ ನೋಡಿದರೆ ತಿಳಿದುಕೋ, ಗೌಡನ ಹೆಣದ ಮುಂದೆ ಅಳುವುದೆಲ್ಲ ಅವಳ ಎಮ್ಮೆಗೆ.

ಟೇಪಿನಿಂದ ಅಳಿಸಿತು, ಅವ್ವನ ಮನಸ್ಸಿನಿಂದ ಅಳಿಸಲಿಲ್ಲ. ಬದುಕಿದ್ದವರಿಗೆ ಅತ್ತರೆ ಆಯುಷ್ಯ ಹೆಚ್ಚುತ್ತದೆ ಎಂದು ಭೀಮವ್ವ ಹೇಳಿದರೂ ಕೇಳುವುದಿಲ್ಲ. ಒಂದೇ ಹೊತ್ತು ಉಣ್ಣುತ್ತಿದ್ದಾಳೆ. ನಿನ್ನನ್ನು ಕಣ್ಣಾರೆ ನೋಡುವ ತನಕ ಹೀಗೇ ಅಂತೆ. ಮೇಸ್ತ್ರಿಯ ಎದುರು ಅಪ್ಪ ನಿನ್ನ ಕೆನ್ನೆಗೆ ಹೊಡೆದು ನೀನು ಮನೆ ಬಿಟ್ಟ ದಿನದಿಂದ ನಮ್ಮ ಮನೆಯಲ್ಲಿ ನಿನ್ನ ಹೆಸರು ಎತ್ತುವಂತಿರಲಿಲ್ಲ. ಈಗ ಅವ್ವ ರೊಟ್ಟಿ ಬಡಿಯುತ್ತ ನಿನ್ನದೇ ಮಾತು ಆಡುತ್ತಾಳೆ. ಅಪ್ಪ ಬೇಡ ಅನ್ನುವುದಿಲ್ಲ, ಎದ್ದೂ ಹೋಗುವುದಿಲ್ಲ.

ಮೈ ಕಡೆ ನೋಡಿಕೋ. ಅವ್ವನ ಆಶೀರ್ವಾದ, ಭೀಮವ್ವನ ಬೈಗುಳ, ಎರಡೂ ನಿನಗೆ ಮುಟ್ಟಲಿ.

ನಿನ್ನ ತಂಗಿ,
ಚಂದಮ್ಮ

ತಾ.ಕ.: ಅವ್ವನಿಗೆ ಗೊತ್ತಿಲ್ಲ. ಅಪ್ಪ ನಿನ್ನ ವಿಳಾಸವನ್ನು ನನ್ನಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡಿದ್ದಾನೆ. ಬರುವ ಭಾನುವಾರ ಬೆಳಗಿನ ಗಾಡಿಗೆ ಶಿವಾಜಿನಗರದಿಂದ ನಿನ್ನ ಕಡೆ ಹೊರಡುತ್ತಾನೆ. ನಿನ್ನನ್ನು ಬೈಯಬೇಕೆಂದು ಬರುತ್ತಿಲ್ಲ. ನೀನು ಎಲ್ಲಿಗೂ ಹೋಗಬೇಡ. ಅಪ್ಪ ಚೀಟಿ ಮಡಚಿ ಕಿಸೆಗಿಟ್ಟುಕೊಂಡು, “ಅವ ನನ್ನ ಕೂಡ ಮಾತಾಡ್ತಾನೇನ?” ಎಂದು ನನ್ನನ್ನು ಕೇಳಿದ. ನಾನು “ಆಡ್ತಾನ” ಎಂದುಬಿಟ್ಟೆ. ಅಣ್ಣಾ, ಮೊದಲು ನೀನೇ ಮಾತಾಡಿಸು. ಅವನಿಗೆ ಶುರು ಮಾಡಲು ಬರುವುದಿಲ್ಲ.