ಕೆಂಪು ಡಬ್ಬದ ಕುಂಕುಮ

ಜಯನಗರ ನಾಲ್ಕನೇ ಬ್ಲಾಕ್
೨-೧೧-೧೯೬೪

ಬೆಂಕಿ ಆರಿಸುವ ಸಲಕರಣೆ ಅಂಗಡಿಯ ಮ್ಯಾನೇಜರ್ ಅವರಿಗೆ ನಮಸ್ಕಾರ.

ನಮ್ಮ ಮನೆಯ ಬೆಂಕಿ ಆರಿಸುವ ಕೆಂಪು ಡಬ್ಬ ಹಳೆಯದಾಯಿತು, ಗುಜರಿಗೆ ಹಾಕಿ ಹೊಸದು ಕೊಳ್ಳಿ ಎಂದು ಬರೆದಿದ್ದೀರಿ. ಹೊಸದು ಬೇಡ. ಸೀಮೆಎಣ್ಣೆ ಸ್ಟೌವ್ ತಂದ ದಿನವೇ ನಮ್ಮ ಯಜಮಾನರು ಹೆದರಿಕೊಂಡು ಅದನ್ನೂ ತಂದು ಅಡುಗೆಮನೆ ಬಾಗಿಲ ಪಕ್ಕ ನೇತುಹಾಕಿದ್ದರು. ಆ ಡಬ್ಬಕ್ಕೇ ಮತ್ತೆ ಮದ್ದು ತುಂಬಿಸಿಕೊಡಿ.

ತುಂಬುವುದಕ್ಕೆ ನಿಮ್ಮ ಅಂಗಡಿಯ ಗಂಗಾಧರಯ್ಯನವರನ್ನೇ ಮನೆಗೆ ಕಳಿಸಿ. ಹೋದ ವರ್ಷ ಬಂದಾಗ ಡಬ್ಬದ ಮೂತಿಯಲ್ಲಿ ಕುಂಕುಮ ಕಟ್ಟಿಕೊಂಡಿದ್ದು ನೋಡಿ, "ಆಯುಧಪೂಜೆ ಮಾಡಿ ಸ್ವಾಮಿ, ಬೇಡ ಅನ್ನಲ್ಲ. ತೂತಿಗೇ ಯಾಕೆ ಬೊಟ್ಟು ಇಡ್ತೀರಿ?" ಎಂದು ಯಜಮಾನರನ್ನು ಗದರಿದ್ದರು. ಕಡ್ಡಿ ಹಾಕಿ ಅದನ್ನು ಬಿಡಿಸುತ್ತಾ ಕೂತವರು ಎರಡು ಸಲ ಕಾಫಿ ಕುಡಿದರು. ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು.

ಈ ಸಲ ಆ ತೊಂದರೆ ಇಲ್ಲ. ಯಜಮಾನರು ಆಷಾಢದಲ್ಲಿ ತೀರಿಕೊಂಡರು. ಆಯುಧಪೂಜೆಗೆ ಕುಂಕುಮ ಹಚ್ಚುವವರು ಇರಲಿಲ್ಲ, ಮೂತಿ ಚೊಕ್ಕಟವಾಗಿದೆ.

ಬರುವ ದಿನ ಮೊದಲೇ ತಿಳಿಸಿದರೆ ಹಾಲು ಜಾಸ್ತಿ ಹಾಕಿಸಿಕೊಳ್ಳುತ್ತೇನೆ. ಕಡ್ಡಿಯನ್ನೂ ತರಲು ಹೇಳಿ. ಅವಸರ ಏನಿಲ್ಲ, ನಿಧಾನವಾಗಿಯೇ ಮಾಡಲಿ.

ಇತಿ,
ಚೂಡಾಮಣಿ