ಇದ್ಯಾರ ಕೈ?

ಮಂಕಿ
೧೪-೧೦-೧೯೭೬

ಪ್ರೀತಿಯ ತಿಮ್ಮಕ್ಕನಿಗೆ ತಮ್ಮ ಹರಿಹರನ ನಮಸ್ಕಾರ.

ನಿನ್ನ ಪತ್ರ ಬಂದು ತಿಂಗಳಾಯಿತು. ಬಯ್ಯಬೇಡ, ದಿನವಿಡೀ ಬಲೆ ಹೊಲಿದ ಬೆರಳು ಸಂಜೆಗೆ ಪೆನ್ನು ಹಿಡಿಯುವುದಿಲ್ಲ. ಇಲ್ಲಿ ಎಲ್ಲರೂ ಸೌಖ್ಯ. ಭಟ್ಕಳದಲ್ಲಿ ಭಾವನ ಕೆಮ್ಮು ಕಡಿಮೆಯಾಯಿತೆಂದು ಓದಿ ಸಮಾಧಾನವಾಯಿತು. ಆದರೆ ಆ ಪತ್ರದಲ್ಲಿ ನೀನು ಪಕ್ಕದ ಮನೆಯ ಮಾಬ್ಲನ ಕ್ಷೇಮ ಎರಡು ಸಲ ಕೇಳಿದ್ದೀ, ನನ್ನದು ಒಂದೇ ಸಲ. ಎಣಿಸಿದ್ದೇನೆ.

ಊರ ರಂಪಣಿ ನಿನಗೆ ಗೊತ್ತೇ ಇದೆ. ಅರವತ್ತು ಮನೆಯವರು ಒಂದೊಂದು ತುಂಡು ತಂದು ಜೋಡಿಸಿದ ಬಲೆ. ಹರಿದರೆ ಯಾರು ಬೇಕಾದರೂ ಹೊಲಿಯಬಹುದು. ಬಲೆ ಎಳೆದು ಮೀನು ಬಿಡಿಸಿದ ಮೇಲೆ ರಂಪಣಿಯ ಮುಂದಾಳು ಲಿಂಗಪ್ಪ ತಾಂಡೇಲರು ದಂಡೆಯಲ್ಲಿ ಅದರ ಉದ್ದಕ್ಕೂ ನಡೆದು, ಮೆಚ್ಚಿದ ತೇಪೆಯ ಬಳಿ ನಿಂತು "ಇದ್ಯಾರ ಕೈ?" ಎಂದು ಕೇಳುತ್ತಾರೆ. ಈ ಹಂಗಾಮಿನಲ್ಲಿ ಮಾಬ್ಲನ ಹೆಸರು ಏಳು ಸಲ ಬಂತು. ನಾನು ಮುಚ್ಚಿದ್ದು ಸಣ್ಣ ಸಣ್ಣ ತೂತುಗಳು, ನೂರಕ್ಕೂ ಹೆಚ್ಚು. ತಾಂಡೇಲರು ಅವುಗಳನ್ನು ತುಳಿದುಕೊಂಡೇ ಮುಂದೆ ಹೋದರು.

ಹೊಟ್ಟೆ ಉರಿಯಿತು ಅಕ್ಕ, ಸುಳ್ಳು ಹೇಳುವುದಿಲ್ಲ. ಒಂದು ದಿನ ನನ್ನ ತೇಪೆಗಳಿಗೆಲ್ಲ ಕೆಂಪು ನೂಲು ಹಾಕಿದೆ. ತಾಂಡೇಲರು ಕೊನೆಗೂ ನಿಂತರು. "ಇದೆಂತದಾ, ಬಲೆಯಾ, ಮದುವೆ ಚಪ್ಪರವಾ?" ಎಂದರು. ಎಲ್ಲರೂ ನಕ್ಕರು. ಮಾಬ್ಲ ಮಾತ್ರ ನಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮರುದಿನ ಎಲ್ಲರೂ ಊಟಕ್ಕೆ ಹೋದಾಗ, ಅಂಥದ್ದೇನಿದೆ ನೋಡೋಣವೆಂದು ಅವನ ಒಂದು ತೇಪೆ ಬಿಚ್ಚಿದೆ. ಪ್ರತಿ ಗಂಟಿಗೂ ಎಡದಿಂದ ಇನ್ನೊಂದು ಸುತ್ತು ಇತ್ತು. ಮರಳಿ ಹಾಕಲು ಹೋದರೆ ಬರಲಿಲ್ಲ, ನಾಲ್ಕು ಸಲವೂ ಜಾರಿತು. ನನ್ನ ಮಾಮೂಲಿ ಗಂಟು ಹಾಕಿದ್ದರೆ ಕದ್ದು ಬಿಚ್ಚಿದ್ದು ಗೊತ್ತಾಗುತ್ತಿತ್ತು. ನಾಚಿಕೆ ಬಿಟ್ಟು ಮಾಬ್ಲನನ್ನೇ ಕರೆದೆ. "ಆತು, ಕೊಡು" ಎಂದು ಕುಳಿತು ಹಾಕಿಕೊಟ್ಟ. ಯಾರಿಗೂ ಹೇಳಲಿಲ್ಲ.

ಬಸ್ಸಿನಲ್ಲಿ ಒಣಮೀನು ಕಳಿಸುತ್ತೇನೆ. ಮಕ್ಕಳಿಗೆ ಮಾವನ ಆಶೀರ್ವಾದ. ಧಾರೇಶ್ವರನ ದಯೆ ನಿಮ್ಮೆಲ್ಲರ ಮೇಲಿರಲಿ.

ಇಂತಿ ನಿನ್ನ ತಮ್ಮ,
ಹರಿಹರ

ತಾ.ಕ.: ಇದನ್ನು ಮೇಲೆ ಬರೆಯಲು ಮನಸ್ಸಾಗಲಿಲ್ಲ. ಆ ಗಂಟು ಎಲ್ಲಿ ಕಲಿತೆ ಎಂದು ಮಾಬ್ಲನನ್ನು ಕೇಳಿದೆ. "ನಿನ್ನಪ್ಪನೇ ಕಲ್ಸಿದ್ದು ಮಾರಾಯ. ನಿಂಗೆ ಹೇಳ್ಕೊಡ್ಲಿಲ್ವಾ?" ಎಂದ. ಅಪ್ಪ ಸಾಯುವವರೆಗೂ ಹನ್ನೊಂದು ವರ್ಷ ಅಪ್ಪನ ಪಕ್ಕದಲ್ಲೇ ಕುಳಿತು ಬಲೆ ಹೊಲಿದವನು ನಾನು. ಹೇಳಿಕೊಟ್ಟಿದ್ದ, ನನಗೇ ಮರೆತುಹೋಯಿತು ಎಂದೆ.